ಮೊದಲ ಗಂಟೆ ಮತ್ತು ಉಳಿದ ವರ್ಷಗಳು: ಶಿಕಾಗೋ, ಡೆಟ್ರಾಯಿಟ್‌ಗಳಲ್ಲಿ ಅಪಘಾತದ ನಂತರದ ಚೇತರಿಕೆಯ ಇತಿಹಾಸ

ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಎಷ್ಟರಮಟ್ಟಿಗೆ ಮೊದಲಿನಂತಾಗುತ್ತಾರೆ ಎಂಬುದನ್ನು ಗಾಯದ ಆಳವೊಂದೇ ತೀರ್ಮಾನಿಸುವುದಿಲ್ಲ. ಡಿಕ್ಕಿಯ ಕ್ಷಣದಲ್ಲಿ ಮೈಮೇಲೆ ಬಿದ್ದ ಬಲ, ಶಸ್ತ್ರವೈದ್ಯರ ಕೈಸೇರಲು ಹಿಡಿದ ಸಮಯ, ಆಸ್ಪತ್ರೆಯ ನಂತರ ಸಿಕ್ಕ ಆರೈಕೆ, ಅದಕ್ಕೆ ಹಣ ಕೊಟ್ಟವರು ಯಾರು ಎಂಬುದು, ಗಾಯಾಳುವಿನ ವಯಸ್ಸು, ಮನಸ್ಸಿನ ಸ್ಥಿತಿ, ಮನೆಯವರ ಬೆಂಬಲ, ಮರಳಿ ಹೋಗಲು ಕೆಲಸವೊಂದು ಇತ್ತೇ ಇಲ್ಲವೇ ಎಂಬುದು, ಇವೆಲ್ಲವೂ ಸೇರಿ ಚೇತರಿಕೆಯ ಹಾದಿಯನ್ನು ನಿರ್ಧರಿಸುತ್ತವೆ. ಈ ಅರಿವು ಒಂದೇ ದಿನ ಮೂಡಿದ್ದಲ್ಲ. ಅಮೆರಿಕದ ಮಹಾಸರೋವರಗಳ ಸೀಮೆಯ ಎರಡು ನಗರಗಳು, ಇಲಿನಾಯ್ ರಾಜ್ಯದ ಶಿಕಾಗೋ ಮತ್ತು ಮಿಷಿಗನ್ ರಾಜ್ಯದ ಡೆಟ್ರಾಯಿಟ್, ಅದನ್ನು ರೂಪಿಸಿದ ಮುಖ್ಯ ತಾಣಗಳು. ಗಾಯಾಳುವಿನ ಮೊದಲ ಗಂಟೆಗಳನ್ನು ವ್ಯವಸ್ಥೆಗೆ ಒಳಪಡಿಸುವ ಕೆಲಸದಲ್ಲಿ ಶಿಕಾಗೋ ಮುಂದಾಯಿತು. ಅವರ ಮುಂದಿನ ವರ್ಷಗಳಿಗೆ ಹಣದ ಭದ್ರತೆ ಕೊಡುವ ಕೆಲಸವನ್ನು ಮಿಷಿಗನ್ ಕೈಗೆತ್ತಿಕೊಂಡಿತು. ಎರಡೂ ಕಡೆ ಗಳಿಸಿದ್ದನ್ನು ಉಳಿಸಿಕೊಳ್ಳುವುದು ಗಳಿಸಿದಷ್ಟೇ ಕಷ್ಟವಾಯಿತು.

ಕಾರಿನ ಒಳಗಿನ ಅಪಾಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೆಟ್ರಾಯಿಟ್ ಕಾರುಗಳ ತವರಾಯಿತು. ಕಾರುಗಳ ಜೊತೆಗೆ ಅಪಘಾತಗಳೂ ಬಂದವು, ಅವನ್ನು ತಡೆಯುವ ಉಪಾಯಗಳೂ ಅಲ್ಲೇ ಹುಟ್ಟಿದವು. 1909ರಲ್ಲಿ ವುಡ್‌ವರ್ಡ್ ರಸ್ತೆಯ ಒಂದು ಮೈಲಿಗೆ ಕಾಂಕ್ರೀಟ್ ಹಾಸಲಾಯಿತು. 1911ರಲ್ಲಿ ವೇಯ್ನ್ ಕೌಂಟಿಯ ರಸ್ತೆ ಆಯೋಗದ ಎಡ್ವರ್ಡ್ ಹೈನ್ಸ್ ರಸ್ತೆಯ ನಡುವೆ ಗೆರೆ ಬಳಿಸಿ, ಎದುರುಬದುರಾಗಿ ಬರುವ ವಾಹನಗಳಿಗೆ ಅವುಗಳ ಪಾಲಿನ ಜಾಗವನ್ನು ಗುರುತಿಸಿಕೊಟ್ಟರು. 1920ರಲ್ಲಿ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ನಾಲ್ಕೂ ದಿಕ್ಕಿಗೆ ಕಾಣುವ ಮೂರು ಬಣ್ಣದ ಸಿಗ್ನಲ್ ದೀಪವನ್ನು ಇದೇ ಊರಿನಲ್ಲಿ ನಿಲ್ಲಿಸಿದರು. ಇವೆಲ್ಲ ಡಿಕ್ಕಿಯಾಗದಂತೆ ನೋಡಿಕೊಳ್ಳುವ ಏರ್ಪಾಡುಗಳು. ಡಿಕ್ಕಿಯಾದ ಮೇಲೆ ದೇಹಕ್ಕೆ ಏನಾಗುತ್ತದೆ ಎಂದು ಯೋಚಿಸಿದವರು ಆಗ ತೀರ ಕಡಿಮೆ.

ಅಂಥ ವಿರಳರಲ್ಲಿ ಡೆಟ್ರಾಯಿಟ್‌ನ ಪ್ಲಾಸ್ಟಿಕ್ ಸರ್ಜನ್ ಕ್ಲೇರ್ ಸ್ಟ್ರೆಯ್ತ್ ಒಬ್ಬರು. ಅವರ ಬಳಿ ಬರುತ್ತಿದ್ದ ಗಾಯಾಳುಗಳ ಮುಖಗಳಲ್ಲಿ ಒಂದೇ ಬಗೆಯ ಗಾಯಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಚಾಲಕನ ಪಕ್ಕದಲ್ಲಿ ಕುಳಿತವರು ಮುಂದಕ್ಕೆ ಎಸೆಯಲ್ಪಟ್ಟು, ಡ್ಯಾಶ್‌ಬೋರ್ಡಿನ ಲೋಹದ ಅಂಚಿಗೂ ಹೊರಚಾಚಿದ ಗುಬುಟುಗಳಿಗೂ ಬಡಿದು, ದವಡೆ, ಮೂಗು, ಕೆನ್ನೆಯ ಮೂಳೆಗಳನ್ನು ಮುರಿದುಕೊಳ್ಳುತ್ತಿದ್ದರು. 1930ರ ದಶಕದಲ್ಲಿ ಅವರು ಈ ಗಾಯಗಳ ಬಗ್ಗೆ ಬರೆದರು. ಡ್ಯಾಶ್‌ಬೋರ್ಡಿಗೆ ಮೆತ್ತೆ ಹಾಕಬೇಕು, ಗುಬುಟುಗಳನ್ನು ಒಳಕ್ಕೆ ಸರಿಸಬೇಕು ಎಂದು ಕಾರು ತಯಾರಕರ ಬೆನ್ನುಹತ್ತಿದರು. 1937ರ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಅವರ ಮಾತಿಗೆ ಸ್ವಲ್ಪ ಮನ್ನಣೆ ಸಿಕ್ಕಿತು. ಮುರಿದ ಮುಖವನ್ನು ಎಷ್ಟೇ ಕೌಶಲದಿಂದ ಜೋಡಿಸಿದರೂ ಕಲೆ ಉಳಿದೇ ಉಳಿಯುತ್ತದೆ. ಆದ್ದರಿಂದ ಚೇತರಿಕೆಯ ಮೊದಲ ಅಂಶ ಗಾಯವನ್ನೇ ಚಿಕ್ಕದಾಗಿಸುವುದು ಎಂಬುದನ್ನು ಸ್ಟ್ರೆಯ್ತ್ ತಮ್ಮ ಶಸ್ತ್ರಕ್ರಿಯೆಯ ಮೇಜಿನ ಬಳಿಯೇ ಕಂಡುಕೊಂಡಿದ್ದರು.

ಇದನ್ನು ಅಳತೆಗೆ ಒಳಪಡಿಸಿದ್ದು ಡೆಟ್ರಾಯಿಟ್‌ನದೇ ಆದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ. 1939ರಲ್ಲಿ ನರಶಸ್ತ್ರವೈದ್ಯ ಸ್ಟೀಫನ್ಸ್ ಗುರ್ಜಿಯನ್ ಮತ್ತು ಎಂಜಿನಿಯರ್ ಹರ್ಬರ್ಟ್ ಲಿಸ್ನರ್ ಜೊತೆಗೂಡಿ, ತಲೆಬುರುಡೆ ಎಷ್ಟು ಹೊಡೆತವನ್ನು ತಾಳುತ್ತದೆ ಎಂಬುದರ ಅಧ್ಯಯನ ಆರಂಭಿಸಿದರು. ಶವಗಳ ಮೇಲೆ ಪ್ರಯೋಗಗಳು ನಡೆದವು. ಅವರ ಸಹೋದ್ಯೋಗಿ ಲಾರೆನ್ಸ್ ಪ್ಯಾಟ್ರಿಕ್ ಹಠಾತ್ತನೆ ನಿಲ್ಲುವ ಪರೀಕ್ಷಾ ಬಂಡಿಯಲ್ಲಿ ನೂರಾರು ಸಲ ತಾವೇ ಕುಳಿತು ತಮ್ಮ ದೇಹದ ತಾಳಿಕೆಯನ್ನು ಅಳೆದರು. ಈ ಕೆಲಸದಿಂದ ಮೂಡಿದ 'ವೇಯ್ನ್ ಸ್ಟೇಟ್ ತಾಳಿಕೆಯ ರೇಖೆ' ಹೊಡೆತದ ತೀವ್ರತೆಗೂ ಅದು ನಡೆದ ಅವಧಿಗೂ ಇರುವ ಸಂಬಂಧವನ್ನು ತೋರಿಸಿತು. ಇಂದು ಜಗತ್ತಿನ ಕಾರುಗಳ ಡಿಕ್ಕಿ ಪರೀಕ್ಷೆಗಳಲ್ಲಿ ತಲೆಯ ಗಾಯದ ಅಪಾಯವನ್ನು ಲೆಕ್ಕಹಾಕುವ ಸೂತ್ರದ ಮೂಲ ಅದೇ. ನೆರೆಯ ಆನ್ ಆರ್ಬರ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಹ್ಯುಲ್ಕಿ ಮತ್ತು ಪಾಲ್ ಗಿಕಾಸ್ 1960ರ ದಶಕದ ಆರಂಭದಿಂದ ನಿಜವಾದ ಅಪಘಾತಗಳ ಸ್ಥಳಕ್ಕೇ ಹೋಗಿ, ಕಾರಿನ ಯಾವ ಭಾಗ ದೇಹದ ಯಾವ ಭಾಗವನ್ನು ಗಾಯಗೊಳಿಸಿತು ಎಂದು ದಾಖಲಿಸಿದರು. 1966ರಲ್ಲಿ ಮೋಟಾರು ವಾಹನ ಸುರಕ್ಷತೆಯ ರಾಷ್ಟ್ರೀಯ ಕಾಯಿದೆ ಬಂತು. ಕುಸಿದು ಬಲವನ್ನು ಹೀರುವ ಸ್ಟಿಯರಿಂಗ್ ಕಂಬ, ಸುಲಭವಾಗಿ ತೂತುಬೀಳದ ಮುಂಗಾಜು, ಸೀಟ್ ಬೆಲ್ಟುಗಳು ಕೆಲವೇ ವರ್ಷಗಳಲ್ಲಿ ಕಾರುಗಳ ಅಂಗಗಳಾದವು. ಸೀಟ್ ಬೆಲ್ಟನ್ನು ಕಡ್ಡಾಯವಾಗಿ ಕಟ್ಟಿಕೊಳ್ಳಬೇಕೆಂಬ ಕಾನೂನು ಎರಡೂ ರಾಜ್ಯಗಳಲ್ಲಿ 1985ರ ಜುಲೈಯಲ್ಲಿ ಜಾರಿಗೆ ಬಂತು.

ಗಾಯವನ್ನು ಹೋಲಿಸಿ ನೋಡಲು ಒಂದು ಸಾಮಾನ್ಯ ಭಾಷೆಯೂ ಬೇಕಿತ್ತು. ಶಿಕಾಗೋದಲ್ಲಿ ಕೇಂದ್ರ ಕಚೇರಿ ಇರುವ ಅಮೆರಿಕನ್ ವೈದ್ಯಕೀಯ ಸಂಘದ ಸಮಿತಿ 1971ರಲ್ಲಿ ಗಾಯಗಳ ತೀವ್ರತೆಯ ಸಂಕ್ಷಿಪ್ತ ಮಾನಕವನ್ನು ಪ್ರಕಟಿಸಿತು. ಅದರ ಈಗಿನ ರೂಪದಲ್ಲಿ ಚಿಕ್ಕ ತರಚುಗಾಯಕ್ಕೆ 1, ಬದುಕುಳಿಯಲಾಗದ ಗಾಯಕ್ಕೆ 6. ಒಂದೇ ತೀವ್ರತೆಯ ಗಾಯವಾದ ಇಬ್ಬರಲ್ಲಿ ಒಬ್ಬರು ಚೇತರಿಸಿಕೊಂಡು ಇನ್ನೊಬ್ಬರು ಹಿಂದುಳಿದರೆ, ವ್ಯತ್ಯಾಸದ ಕಾರಣ ಗಾಯದ ಹೊರಗಿದೆ ಎಂದು ಹೇಳಲು ಇಂಥ ಮಾನಕಗಳಿಂದ ಸಾಧ್ಯವಾಯಿತು.

ಮೊದಲ ಗಂಟೆಗಳು

1966ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅಪಘಾತದ ಸಾವು ಮತ್ತು ಅಂಗವೈಕಲ್ಯದ ಬಗ್ಗೆ ಹೊರತಂದ ವರದಿ ಇದನ್ನು ಆಧುನಿಕ ಸಮಾಜ ಕಡೆಗಣಿಸಿದ ರೋಗವೆಂದು ಕರೆಯಿತು. 1965ರ ಒಂದೇ ವರ್ಷದಲ್ಲಿ ಅಪಘಾತಗಳಿಂದ 1,07,000 ಜನ ಸತ್ತಿದ್ದರು. ಅವರಲ್ಲಿ 49,000 ಮಂದಿ ಮೋಟಾರು ವಾಹನಗಳಿಗೆ ಬಲಿಯಾದವರು. ಸುಮಾರು 4 ಲಕ್ಷ ಜನರಿಗೆ ಶಾಶ್ವತ ಊನವಾಗಿತ್ತು. ದೇಶದ ಆಂಬುಲೆನ್ಸ್ ಸೇವೆಗಳಲ್ಲಿ ಸುಮಾರು ಅರ್ಧದಷ್ಟನ್ನು ನಡೆಸುತ್ತಿದ್ದವರು ಶವಸಂಸ್ಕಾರದ ವೃತ್ತಿಯವರು. ಮಲಗಿಸಿ ಸಾಗಿಸಬಲ್ಲ ವಾಹನ ಅವರ ಬಳಿ ಇತ್ತು ಎಂಬುದೇ ಅದಕ್ಕೆ ಕಾರಣ. ಶಿಕಾಗೋದಲ್ಲಿ ಗಾಯಾಳುಗಳನ್ನು ಪೊಲೀಸ್ ವ್ಯಾನುಗಳಲ್ಲಿ ಆಸ್ಪತ್ರೆಗೆ ಒಯ್ಯುವುದೂ ಇತ್ತು. ಮುರಿದ ಕುತ್ತಿಗೆಯನ್ನು ಕದಲದಂತೆ ಹಿಡಿಯಬೇಕೆಂಬ ತಿಳಿವಳಿಕೆ ಇಲ್ಲದವರ ಕೈಯಲ್ಲಿ, ನಡೆಯಬಹುದಾಗಿದ್ದವರೂ ಬೆನ್ನುಹುರಿಗೆ ಪೆಟ್ಟುಬಿದ್ದು ನಡೆಯಲಾರದವರಾಗುವ ಅಪಾಯವಿತ್ತು.

ಅದೇ 1966ರಲ್ಲಿ ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದ ರಾಬರ್ಟ್ ಫ್ರೀಆರ್ಕ್ ಮತ್ತು ರಾಬರ್ಟ್ ಬೇಕರ್ ಗಾಯಾಳುಗಳಿಗಾಗಿಯೇ ಪ್ರತ್ಯೇಕ ಟ್ರಾಮಾ ಘಟಕ ತೆರೆದರು. ಇಂಥ ಘಟಕ ಹೊಂದಿದ ದೇಶದ ಮೊಟ್ಟಮೊದಲ ನಾಗರಿಕ ಆಸ್ಪತ್ರೆಗಳಲ್ಲಿ ಅದೂ ಒಂದು. ಅಲ್ಲಿಯವರೆಗೆ ಮೂಳೆ ಮುರಿದವರು ಒಂದು ವಾರ್ಡಿಗೆ, ಹೊಟ್ಟೆಗೆ ಪೆಟ್ಟಾದವರು ಮತ್ತೊಂದಕ್ಕೆ, ತಲೆಗೆ ಏಟು ತಿಂದವರು ಇನ್ನೊಂದಕ್ಕೆ ಹೋಗುತ್ತಿದ್ದರು. ಮೂರೂ ಆದವರು ವಾರ್ಡುಗಳ ನಡುವೆ ಅಲೆಯಬೇಕಾಗಿತ್ತು. ಹೊಸ ಘಟಕದಲ್ಲಿ ಒಂದೇ ತಂಡ ಹಗಲಿರುಳೂ ಸಿದ್ಧವಾಗಿದ್ದು ಇಡೀ ದೇಹವನ್ನು ಒಟ್ಟಿಗೆ ನೋಡತೊಡಗಿತು.

ಅಲ್ಲಿ ತರಬೇತಾದ ಡೇವಿಡ್ ಬಾಯ್ಡ್ ಈ ಕಲ್ಪನೆಯನ್ನು ಆಸ್ಪತ್ರೆಯ ಗೋಡೆಯಾಚೆಗೆ ಒಯ್ದರು. 1971ರಲ್ಲಿ ಗವರ್ನರ್ ರಿಚರ್ಡ್ ಓಗಿಲ್ವಿಯವರ ಬೆಂಬಲದೊಂದಿಗೆ ಇಲಿನಾಯ್ ರಾಜ್ಯವಿಡೀ ವ್ಯಾಪಿಸುವ ಟ್ರಾಮಾ ವ್ಯವಸ್ಥೆಯನ್ನು ಆರಂಭಿಸಿತು. ಆಸ್ಪತ್ರೆಗಳನ್ನು ಸ್ಥಳೀಯ, ವಲಯ, ಪ್ರಾದೇಶಿಕ ಎಂದು ಮೂರು ಹಂತಗಳಲ್ಲಿ ಗುರುತಿಸಲಾಯಿತು. ಗಾಯದ ತೀವ್ರತೆಗೆ ತಕ್ಕ ಹಂತಕ್ಕೆ ಗಾಯಾಳುವನ್ನು ಕಳಿಸುವ ನಿಯಮಗಳಾದವು, ಪ್ರತಿ ಪ್ರಕರಣವನ್ನೂ ಕಂಪ್ಯೂಟರಿನಲ್ಲಿ ದಾಖಲಿಸುವ ನೋಂದಣಿ ಆರಂಭವಾಯಿತು. 1972ರಲ್ಲಿ ಶಿಕಾಗೋದ ವಾಯುವ್ಯ ಹೊರವಲಯದ ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ ವೈದ್ಯ ಸ್ಟ್ಯಾನ್ಲಿ ಜಿಡ್ಲೊ ಹಲವು ಊರುಗಳ ಅಗ್ನಿಶಾಮಕ ಸಿಬ್ಬಂದಿಗೆ ಪ್ಯಾರಾಮೆಡಿಕ್ ತರಬೇತಿ ಕೊಟ್ಟರು. ಚಿಕಿತ್ಸೆ ಆಸ್ಪತ್ರೆಯ ಬಾಗಿಲಿನಿಂದಲ್ಲ, ರಸ್ತೆಯ ಬದಿಯಿಂದಲೇ ಶುರುವಾಗುವಂತಾಯಿತು. 1973ರಲ್ಲಿ ತುರ್ತು ವೈದ್ಯಕೀಯ ಸೇವೆಗಳ ಕಾಯಿದೆ ದೇಶಕ್ಕೆಲ್ಲ ಬಂದಾಗ ಅದನ್ನು ಜಾರಿಗೊಳಿಸುವ ಒಕ್ಕೂಟ ಸರ್ಕಾರದ ಕಚೇರಿಗೆ ಬಾಯ್ಡ್ ಅವರೇ ಮುಖ್ಯಸ್ಥರಾದರು. ಶಿಕಾಗೋದಲ್ಲಿ ನೆಲೆಸಿದ ಅಮೆರಿಕನ್ ಶಸ್ತ್ರವೈದ್ಯರ ಕಾಲೇಜು ಎಂಬ ವೃತ್ತಿಸಂಘ 1976ರಲ್ಲಿ ಟ್ರಾಮಾ ಆಸ್ಪತ್ರೆಯಲ್ಲಿ ಏನೇನಿರಬೇಕು ಎಂಬ ಮಾನದಂಡಗಳನ್ನು ಹೊರತಂದಿತು.

ಮಿಷಿಗನ್‌ನ ಕೊಡುಗೆ ಬೇರೆ ದಾರಿಯಲ್ಲಿ ಬಂತು. ತುರ್ತು ವಿಭಾಗದಲ್ಲಿ ಕೆಲಸ ಮಾಡುವ ವೈದ್ಯರ ಸಂಘವನ್ನು 1968ರಲ್ಲಿ ಲ್ಯಾನ್ಸಿಂಗ್ ನಗರದಲ್ಲಿ ಜಾನ್ ವೀಗನ್‌ಸ್ಟೈನ್ ಮತ್ತು ಅವರ ಸಂಗಾತಿಗಳು ಕಟ್ಟಿದರು. 1979ರಲ್ಲಿ ತುರ್ತು ಚಿಕಿತ್ಸೆ ವೈದ್ಯಶಾಸ್ತ್ರದ ಸ್ವತಂತ್ರ ಶಾಖೆಯೆಂದು ಮನ್ನಣೆ ಪಡೆಯಿತು. ಡೆಟ್ರಾಯಿಟ್‌ನ ರಿಸೀವಿಂಗ್ ಆಸ್ಪತ್ರೆ ಆ ಶಾಖೆಯ ಆರಂಭದ ತರಬೇತಿ ಕೇಂದ್ರಗಳಲ್ಲಿ ಒಂದಾಯಿತು.

ದೂರ ಮತ್ತು ಕತ್ತಲು

ವ್ಯವಸ್ಥೆ ಕಟ್ಟಿದರೂ ಅದು ಎಲ್ಲರಿಗೂ ಸಮನಾಗಿ ದಕ್ಕಲಿಲ್ಲ. ಶಿಕಾಗೋದ ದಕ್ಷಿಣ ಭಾಗದಲ್ಲಿ ಬಡ ಕಪ್ಪು ಜನರೇ ಹೆಚ್ಚು. ಗಾಯಾಳುಗಳಲ್ಲಿ ಅನೇಕರಿಗೆ ವಿಮೆ ಇರಲಿಲ್ಲ. ಅವರನ್ನು ನೋಡಿಕೊಂಡ ಆಸ್ಪತ್ರೆಗಳಿಗೆ ನಷ್ಟವಾಗುತ್ತಿತ್ತು. 1988ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆ ವಯಸ್ಕರ ಟ್ರಾಮಾ ಕೇಂದ್ರವನ್ನು ಮುಚ್ಚಿತು. ಆ ಬಳಿಕ ದಕ್ಷಿಣ ಭಾಗದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಮೈಲಿಗಟ್ಟಲೆ ದೂರ ಒಯ್ಯಬೇಕಾಯಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ನಗರದಲ್ಲಿ ಗುಂಡೇಟು ತಿಂದವರನ್ನು ಪರಿಶೀಲಿಸಿ, ಟ್ರಾಮಾ ಕೇಂದ್ರದಿಂದ 5 ಮೈಲಿಗಿಂತ ದೂರದಲ್ಲಿ ಗಾಯಗೊಂಡವರಲ್ಲಿ ಸಾವು ಹೆಚ್ಚೆಂದು ಕಂಡುಕೊಂಡಿತು. ರಕ್ತಸ್ರಾವದ ಮಟ್ಟಿಗೆ ಗುಂಡಿಗೂ ಕಾರಿಗೂ ದೇಹ ಭೇದ ಮಾಡುವುದಿಲ್ಲ. ಸ್ಥಳೀಯ ಯುವಕರು, ವೈದ್ಯಕೀಯ ವಿದ್ಯಾರ್ಥಿಗಳು, ಚರ್ಚುಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರ ಮೇ 1ರಂದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಯಸ್ಕರ ಟ್ರಾಮಾ ಕೇಂದ್ರ ಮತ್ತೆ ತೆರೆಯಿತು. ನಡುವೆ ಮೂವತ್ತು ವರ್ಷ ಕಳೆದಿತ್ತು.

ಡೆಟ್ರಾಯಿಟ್‌ನ ಕೊರತೆ ನಗರದ ಬೊಕ್ಕಸದಿಂದ ಬಂತು. 2013ರಲ್ಲಿ ನಗರ ದಿವಾಳಿ ಅರ್ಜಿ ಸಲ್ಲಿಸುವ ಮುನ್ನ ಪ್ರಕಟಿಸಿದ ಲೆಕ್ಕದಲ್ಲಿ, ಅದರ 36 ಆಂಬುಲೆನ್ಸುಗಳಲ್ಲಿ ಆ ವರ್ಷದ ಮೊದಲ ಮೂರು ತಿಂಗಳು ಹಲವು ಬಾರಿ 10ರಿಂದ 14 ಮಾತ್ರ ಓಡುವ ಸ್ಥಿತಿಯಲ್ಲಿದ್ದವು ಎಂದಿತ್ತು. ಬೀದಿ ದೀಪಗಳಲ್ಲಿ ಸುಮಾರು ಶೇ 40ರಷ್ಟು ಉರಿಯುತ್ತಿರಲಿಲ್ಲ. ಕತ್ತಲೆಯ ಅಗಲ ರಸ್ತೆ ದಾಟುವ ಪಾದಚಾರಿ ಚಾಲಕನ ಕಣ್ಣಿಗೆ ಬೀಳುವುದೂ ತಡ, ಬಿದ್ದವರ ಬಳಿಗೆ ನೆರವು ಬರುವುದೂ ತಡ. 2016ರ ಕೊನೆಯ ಹೊತ್ತಿಗೆ ಸುಮಾರು 65,000 ಹೊಸ ಎಲ್‌ಇಡಿ ದೀಪಗಳು ಊರಿನ ಬೀದಿಗಳಲ್ಲಿ ಹೊತ್ತಿಕೊಂಡವು. ಆಸ್ಪತ್ರೆಯ ಶಸ್ತ್ರಕ್ರಿಯೆ ಕೊಠಡಿಯ ದೀಪದಂತೆ ಬೀದಿಯ ದೀಪವೂ ಚೇತರಿಕೆಗೆ ಸಂಬಂಧಿಸಿದ್ದೆಂದು ಈ ಅನುಭವ ತೋರಿಸಿಕೊಟ್ಟಿತು.

ಆಸ್ಪತ್ರೆಯ ನಂತರ

ಎರಡನೆಯ ಮಹಾಯುದ್ಧ ಮುಗಿದು ಗಾಯಗೊಂಡ ಸೈನಿಕರು ಮನೆಗೆ ಮರಳಿದಾಗ, ಜೀವ ಉಳಿಸಿದರೆ ಸಾಲದು, ಬದುಕನ್ನು ಮತ್ತೆ ಕಲಿಸಬೇಕು ಎಂಬ ವೈದ್ಯಶಾಖೆ ಬಲಗೊಂಡಿತು. ಡೆಟ್ರಾಯಿಟ್‌ನಲ್ಲಿ 1951ರಲ್ಲಿ ಪುನಶ್ಚೇತನ ಸಂಸ್ಥೆ ಸ್ಥಾಪನೆಯಾಯಿತು. ಈಗ ಅದರ ಹೆಸರು ಮಿಷಿಗನ್ ಪುನಶ್ಚೇತನ ಸಂಸ್ಥೆ. ಶಿಕಾಗೋದಲ್ಲಿ ಮೂಳೆತಜ್ಞ ಪಾಲ್ ಮ್ಯಾಗ್ನುಸನ್ 1954ರಲ್ಲಿ ಶಿಕಾಗೋ ಪುನಶ್ಚೇತನ ಸಂಸ್ಥೆಯನ್ನು ತೆರೆದರು. ಮಾಜಿ ಸೈನಿಕರ ಆಸ್ಪತ್ರೆಗಳ ಆಡಳಿತ ನಡೆಸಿದ್ದ ಅವರಿಗೆ, ಸೈನಿಕರಿಗೆ ಸಿಗುವ ಆರೈಕೆ ನಾಗರಿಕರಿಗೂ ಸಿಗಬೇಕೆಂಬ ಹಂಬಲವಿತ್ತು. ಓಹಾಯೊ ಬೀದಿಯ ಹಳೆಯ ಗೋದಾಮಿನಲ್ಲಿ ಶುರುವಾದ ಸಂಸ್ಥೆ, ವೈದ್ಯ ಹೆನ್ರಿ ಬೆಟ್ಸ್ ಅವರ ಮುಂದಾಳ್ತನದಲ್ಲಿ ಬೆಳೆದು 1974ರಲ್ಲಿ ಎತ್ತರದ ಸ್ವಂತ ಕಟ್ಟಡಕ್ಕೆ ಹೋಯಿತು. 2017ರಲ್ಲಿ ಅದು ಶರ್ಲಿ ರಯಾನ್ ಎಬಿಲಿಟಿಲ್ಯಾಬ್ ಎಂಬ ಹೊಸ ಹೆಸರಿನಲ್ಲಿ ಹೊಸ ಆಸ್ಪತ್ರೆಗೆ ನೆಲೆ ಬದಲಿಸಿತು. ಅಲ್ಲಿ ರೋಗಿಗಳ ವ್ಯಾಯಾಮವೂ ವಿಜ್ಞಾನಿಗಳ ಸಂಶೋಧನೆಯೂ ಒಂದೇ ಅಂಗಳದಲ್ಲಿ ನಡೆಯುತ್ತವೆ. 2012ರಲ್ಲಿ, ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದ ಒಬ್ಬರು ಈ ಸಂಸ್ಥೆ ರೂಪಿಸಿದ, ಸ್ನಾಯುಗಳ ಸಂಕೇತವನ್ನು ಗ್ರಹಿಸಿ ನಡೆಯುವ ಕೃತಕ ಕಾಲಿನಿಂದ ನಗರದ ವಿಲಿಸ್ ಟವರಿನ 103 ಮಹಡಿಗಳ ಮೆಟ್ಟಿಲು ಹತ್ತಿದರು.

ಗಾಯದ ಬಳಿಕ ಎಷ್ಟು ಬೇಗ ಪುನಶ್ಚೇತನ ಆರಂಭವಾಗುತ್ತದೆ ಎಂಬುದು ಮುಖ್ಯ ಅಂಶವಾಗಿ ಕಂಡುಬಂತು. ಬೆನ್ನುಹುರಿಗೆ ಪೆಟ್ಟಾದವರು ಒಂದೇ ಮಗ್ಗುಲಲ್ಲಿ ವಾರಗಟ್ಟಲೆ ಮಲಗಿದರೆ ಒತ್ತುಹುಣ್ಣು, ಮೂತ್ರದ ಸೋಂಕು, ಕೀಲುಗಳ ಬಿಗಿತ ಶುರುವಾಗುತ್ತವೆ. ಮೂಲ ಗಾಯಕ್ಕಿಂತ ಇವುಗಳಿಂದಲೇ ಹಿಂದೆ ಅನೇಕರು ಸಾಯುತ್ತಿದ್ದರು. 1972ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆಸ್ಪತ್ರೆ ಮತ್ತು ಶಿಕಾಗೋ ಪುನಶ್ಚೇತನ ಸಂಸ್ಥೆ ಕೂಡಿ, ಮೂಳೆತಜ್ಞ ಪಾಲ್ ಮೆಯರ್ ಅವರ ಮುಂದಾಳ್ತನದಲ್ಲಿ ಬೆನ್ನುಹುರಿ ಗಾಯಾಳುಗಳಿಗೆ ಅಪಘಾತದ ದಿನದಿಂದ ಮನೆಗೆ ಮರಳುವವರೆಗೆ ಕೊಂಡಿ ಕಳಚದ ಆರೈಕೆಯನ್ನು ಏರ್ಪಡಿಸಿದವು. ಮಿದುಳಿನ ಗಾಯಗಳಿಗೆ ಇಂಥದೇ ಮಾದರಿ ಕೇಂದ್ರಗಳ ಜಾಲವನ್ನು ಒಕ್ಕೂಟ ಸರ್ಕಾರ 1987ರಲ್ಲಿ ಆರಂಭಿಸಿದಾಗ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ಮತ್ತು ಮಿಷಿಗನ್ ಪುನಶ್ಚೇತನ ಸಂಸ್ಥೆ ಮೊದಲ ತಂಡದಲ್ಲೇ ಇದ್ದವು.

ಈ ಜಾಲ ಗಾಯಾಳುಗಳನ್ನು 1, 2 ಮತ್ತು 5ನೆಯ ವರ್ಷಗಳಲ್ಲಿ, ಆಮೇಲೆ 5 ವರ್ಷಕ್ಕೊಮ್ಮೆ ಮಾತಾಡಿಸುತ್ತಾ ಬಂದಿದೆ. ಆಸ್ಪತ್ರೆಯಿಂದ ಹೊರಬಂದ ದಿನಕ್ಕೇ ಕಥೆ ಮುಗಿಯದೆಂದು ಅದರಿಂದ ಸ್ಪಷ್ಟವಾಯಿತು. ಪ್ರಜ್ಞೆ ತಪ್ಪಿದ್ದ ಅವಧಿ, ಆಮೇಲೆ ನೆನಪು ಗಲಿಬಿಲಿಯಾಗಿದ್ದ ದಿನಗಳು ಉದ್ದವಾದಷ್ಟೂ ಚೇತರಿಕೆ ನಿಧಾನ. ವಯಸ್ಸು ಹೆಚ್ಚಾದಷ್ಟೂ ಅದೇ ಗಾಯ ಹೆಚ್ಚು ಕಾಡುತ್ತದೆ. ಇವು ವೈದ್ಯರು ನಿರೀಕ್ಷಿಸಿದ್ದ ಅಂಶಗಳೇ. ಆದರೆ ಅಪಘಾತಕ್ಕೆ ಮುಂಚೆ ಕೆಲಸದಲ್ಲಿದ್ದವರು, ಹೆಚ್ಚು ಓದಿದವರು ಮತ್ತೆ ಕೆಲಸಕ್ಕೆ ಸೇರುವ ಸಾಧ್ಯತೆ ಹೆಚ್ಚು, ಕುಡಿತದ ಚಟ ಇದ್ದವರು ಹಿಂದೆ ಬೀಳುತ್ತಾರೆ, ಆರೈಕೆ ಮಾಡುವ ಮನೆಯವರು ಕುಗ್ಗಿಹೋದರೆ ಗಾಯಾಳುವೂ ಕುಗ್ಗುತ್ತಾನೆ ಎಂಬ ಸಂಗತಿಗಳೂ ಮೇಲೆದ್ದು ಬಂದವು. ಹೊರಗೆ ಕಾಣುವ ಗಾಯ ಮಾಸಿದರೂ ಸಿಟ್ಟು, ಮರೆವು, ಬೇಗ ದಣಿಯುವುದು ಉಳಿದು ಮಿದುಳಿಗೆ ಪೆಟ್ಟಾದವರ ಸಂಸಾರಗಳನ್ನು ವರ್ಷಾನುಗಟ್ಟಲೆ ಹಣ್ಣು ಮಾಡುತ್ತವೆ.

ಖರ್ಚು ಯಾರದು?

ಎರಡು ರಾಜ್ಯಗಳು ಪೂರ್ತಿ ಬೇರೆ ಹಾದಿ ಹಿಡಿದದ್ದು ಇಲ್ಲಿ. ಇಲಿನಾಯ್‌ನಲ್ಲಿ ಇಂದಿಗೂ ತಪ್ಪು ಯಾರದೆಂದು ಸ್ಥಾಪಿಸಿ ಪರಿಹಾರ ಪಡೆಯುವ ಪದ್ಧತಿಯಿದೆ. ಗಾಯಗೊಂಡವರು ಸಾಮಾನ್ಯವಾಗಿ 2 ವರ್ಷದೊಳಗೆ ದಾವೆ ಹೂಡಬೇಕು. ತಪ್ಪಿನಲ್ಲಿ ತಮ್ಮದೇ ಪಾಲು ಅರ್ಧಕ್ಕಿಂತ ಹೆಚ್ಚೆಂದು ಸಾಬೀತಾದರೆ ಏನೂ ಸಿಗದು. ಎದುರಿನ ಚಾಲಕ ಹೊಂದಿರಲೇಬೇಕಾದ ಕನಿಷ್ಠ ವಿಮೆ ಒಬ್ಬ ಗಾಯಾಳುವಿಗೆ 25,000 ಡಾಲರ್ ಮಾತ್ರ. ಟ್ರಾಮಾ ಕೇಂದ್ರದಲ್ಲಿ ಅದು ಕೆಲವೇ ದಿನಗಳಲ್ಲಿ ಕರಗಿಹೋಗುವ ಮೊತ್ತ. ಪರಿಹಾರದ ಹಣದ ಮೇಲೆ ಆಸ್ಪತ್ರೆ ಮತ್ತು ವೈದ್ಯರಿಗೂ ಹಕ್ಕಿದೆ. ಅವರ ಪಾಲು ಒಟ್ಟು ಶೇ 40ನ್ನು ಮೀರಬಾರದೆಂದು ಕಾನೂನು ಮಿತಿ ಹಾಕಿದೆ.

ಮಿಷಿಗನ್ 1972ರ 294ನೆಯ ಕಾಯಿದೆಯ ಮೂಲಕ ಈ ಪದ್ಧತಿಯಿಂದ ಹೊರಬಂತು. 1973ರ ಅಕ್ಟೋಬರ್ 1ರಿಂದ, ತಪ್ಪು ಯಾರದೇ ಆಗಿರಲಿ, ಗಾಯಾಳುವಿನ ಚಿಕಿತ್ಸೆಯ ವೆಚ್ಚವನ್ನು ಅವರದೇ ವಿಮಾ ಕಂಪನಿ ಭರಿಸಬೇಕಾಯಿತು. ಅದಕ್ಕೆ ಮೊತ್ತದ ಮಿತಿಯಿರಲಿಲ್ಲ, ಕಾಲದ ಮಿತಿಯೂ ಇರಲಿಲ್ಲ. ಕಳೆದುಹೋದ ಸಂಬಳದ ಶೇ 85ರಷ್ಟನ್ನು 3 ವರ್ಷದವರೆಗೆ ಒಂದು ಮಾಸಿಕ ಮಿತಿಯೊಳಗೆ ಕೊಡಬೇಕು. ಗಾಯಾಳು ಮಾಡಲಾಗದ ಮನೆಗೆಲಸಕ್ಕೆ ದಿನಕ್ಕೆ 20 ಡಾಲರ್. ವೀಲ್‌ಚೇರ್ ಹತ್ತುವಂತೆ ಮನೆಯ ಬಾಗಿಲು ಅಗಲಿಸುವುದು, ವ್ಯಾನಿಗೆ ಲಿಫ್ಟ್ ಜೋಡಿಸುವುದು, ಹಗಲಿರುಳು ನೋಡಿಕೊಳ್ಳುವವರ ಕೂಲಿ ಇವೆಲ್ಲವೂ ವಿಮೆಯ ವ್ಯಾಪ್ತಿಗೆ ಬಂದವು. ತಾಯಿಯೋ ಹೆಂಡತಿಯೋ ಕೆಲಸ ಬಿಟ್ಟು ಆರೈಕೆಗೆ ನಿಂತರೆ ಅವರಿಗೂ ಸಂಬಳ ದೊರೆಯುತ್ತಿತ್ತು. ದಾವೆ ಹೂಡುವ ಹಕ್ಕನ್ನು ಸಾವು, ಗಂಭೀರ ಊನ, ಶಾಶ್ವತ ವಿಕಾರಗಳಿಗೆ ಸೀಮಿತಗೊಳಿಸಲಾಯಿತು. ದೊಡ್ಡ ಖರ್ಚುಗಳಿಗೆ ಕಂಪನಿಗಳೆಲ್ಲ ಸೇರಿ ಹೆಗಲು ಕೊಡುವಂತೆ 1978ರಲ್ಲಿ ದುರಂತ ಕ್ಲೇಮುಗಳ ಸಂಘ ರಚನೆಯಾಯಿತು. ಇಂಥ ಮಿತಿಯಿಲ್ಲದ ಆಜೀವ ಆರೈಕೆಯನ್ನು ಕೊಡುವ ರಾಜ್ಯವಾಗಿ ಕೊನೆಗೆ ಇಡೀ ದೇಶದಲ್ಲಿ ಮಿಷಿಗನ್ ಒಂದೇ ಉಳಿಯಿತು. ಈ ಹಣದ ಬಲದಿಂದ ರಾಜ್ಯದಲ್ಲಿ ಮಿದುಳು ಗಾಯದ ಆರೈಕೆ ಮನೆಗಳು, ವಿಶೇಷ ಚಿಕಿತ್ಸಕರು, ಮನೆಗೆ ಬರುವ ದಾದಿಯರ ಸಂಸ್ಥೆಗಳು ಬೆಳೆದವು.

ಇದರ ಬೆಲೆ ವಿಮೆಯ ಕಂತಿನಲ್ಲಿ ಕಾಣಿಸಿಕೊಂಡಿತು. ಡೆಟ್ರಾಯಿಟ್‌ನ ಕಾರು ವಿಮೆ ದೇಶದಲ್ಲೇ ಅತಿ ದುಬಾರಿಯ ಸಾಲಿಗೆ ಸೇರಿತು. ಬಡವರ ನಗರದಲ್ಲಿ ಅನೇಕರು ವಿಮೆಯಿಲ್ಲದೆ ಕಾರು ಓಡಿಸತೊಡಗಿದರು. 2019ರ ಮೇ 30ರಂದು ಗವರ್ನರ್ ಗ್ರೆಚೆನ್ ವಿಟ್ಮರ್ ಹೊಸ ಕಾನೂನಿಗೆ ಸಹಿ ಹಾಕಿದರು. 2020ರ ಜುಲೈಯಿಂದ ಜನರು 5 ಲಕ್ಷ ಅಥವಾ 2.5 ಲಕ್ಷ ಡಾಲರ್ ಮಿತಿಯ, ಕೆಲವರು ಇನ್ನೂ ಕಡಿಮೆ ಮಿತಿಯ ವಿಮೆ ಆರಿಸಿಕೊಳ್ಳಬಹುದಾಯಿತು. 2021ರ ಜುಲೈಯಿಂದ ಚಿಕಿತ್ಸೆಯ ದರಗಳಿಗೆ ಕಡಿವಾಣ ಬಿತ್ತು. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪಟ್ಟಿಯಲ್ಲಿ ದರವಿಲ್ಲದ ಮನೆ ಆರೈಕೆಯಂಥ ಸೇವೆಗಳಿಗೆ 2019ರ ಆರಂಭದಲ್ಲಿದ್ದ ದರದ ಶೇ 55ರಷ್ಟು ಮಾತ್ರ ಸಲ್ಲುವಂತಾಯಿತು. ಮನೆಯವರು ಮಾಡುವ ಆರೈಕೆಗೆ ವಾರಕ್ಕೆ 56 ಗಂಟೆಯ ಮಿತಿ ಬಂತು. ಹಲವು ಆರೈಕೆ ಸಂಸ್ಥೆಗಳು ಬಾಗಿಲು ಹಾಕಿದವು. ವರ್ಷಗಳಿಂದ ಒಬ್ಬರೇ ಸಹಾಯಕರಿಗೆ ಒಗ್ಗಿದ್ದ ಗಾಯಾಳುಗಳು ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಸೇರಬೇಕಾಯಿತು. 2023ರ ಜುಲೈ 31ರಂದು ಮಿಷಿಗನ್ ಸುಪ್ರೀಂ ಕೋರ್ಟ್, ಕಾನೂನು ಜಾರಿಗೆ ಬಂದ 2019ರ ಜೂನ್ 11ಕ್ಕೆ ಮುಂಚೆ ಗಾಯಗೊಂಡವರಿಗೆ ಈ ಕಡಿತಗಳು ಅನ್ವಯಿಸುವುದಿಲ್ಲ ಎಂದು ತೀರ್ಪಿತ್ತಿತು. ಆ ದಿನದ ನಂತರ ಗಾಯಗೊಂಡವರಿಗೆ ಕಡಿತ ಉಳಿದಿದೆ. ಒಂದೇ ರಸ್ತೆಯಲ್ಲಿ, ಒಂದೇ ಬಗೆಯ ಗಾಯವಾದ ಇಬ್ಬರ ಮುಂದಿನ ಬದುಕು ಅಪಘಾತದ ತಾರೀಖಿನ ಮೇಲೆ ನಿಂತಿದೆ.

ಖರ್ಚಿನ ಈ ಪ್ರಶ್ನೆ ಕನ್ನಡದ ಮನೆಗಳಿಗೂ ಸಂಬಂಧಿಸಿದ್ದು. ಅಮೆರಿಕದ 1965ರ ವಲಸೆ ಕಾಯಿದೆಯ ನಂತರ ಈ ಎರಡು ನಗರಗಳಿಗೆ ಭಾರತದಿಂದ ಬಂದ ಎಂಜಿನಿಯರುಗಳು, ವೈದ್ಯರ ಜೊತೆ ಕನ್ನಡ ಕುಟುಂಬಗಳೂ ನೆಲೆಸಿವೆ. ಶಿಕಾಗೋದಲ್ಲಿ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್ ಸೀಮೆಯಲ್ಲಿ ಪಂಪ ಕನ್ನಡ ಕೂಟ ಕೆಲಸ ಮಾಡುತ್ತಿವೆ. ಈ ಮನೆಗಳಲ್ಲಿ ಅತಿ ಹೆಚ್ಚು ಅಪಾಯಕ್ಕೆ ತೆರೆದುಕೊಂಡವರು ಊರಿನಿಂದ ಕೆಲವು ತಿಂಗಳಿಗೆಂದು ಬಂದ ಅಪ್ಪ ಅಮ್ಮ. ಅವರಿಗೆ ಮೆಡಿಕೇರ್ ಇಲ್ಲ, ಪ್ರವಾಸಿ ವಿಮೆಗೆ ಮೊತ್ತದ ಮಿತಿಯಿದೆ, ಬಲಗಡೆ ಸಾಗುವ ವಾಹನಗಳ ದಿಕ್ಕೂ ಅವರಿಗೆ ಹೊಸದು. ವಯಸ್ಸು ಮತ್ತು ಹಣ ಎಂಬ ಎರಡು ಅಂಶಗಳು ಅವರಲ್ಲಿ ಒಟ್ಟಿಗೆ ಕೂಡುತ್ತವೆ.

ಮನಸ್ಸು ಮತ್ತು ನೋವು

ಹಿಂದಿನಿಂದ ಕಾರು ಗುದ್ದಿದಾಗ ಕುತ್ತಿಗೆ ಝಾಡಿಸಿ ಬರುವ ನೋವು ಎಕ್ಸ್‌ರೇಯಲ್ಲಿ ಕಾಣದು. ಹಾಗಾಗಿ ಪರಿಹಾರದ ಆಸೆಗೆ ನೋವು ಉದ್ದವಾಗುತ್ತದೆ ಎಂಬ ಅನುಮಾನ ಹಳೆಯದು. ಕೆನಡಾದ ಸಸ್ಕಾಚೆವಾನ್ ಪ್ರಾಂತ 1995ರ ಜನವರಿಯಲ್ಲಿ ತಪ್ಪು ಹುಡುಕುವ ಪದ್ಧತಿಯನ್ನು ಬಿಟ್ಟು ಮಿಷಿಗನ್‌ನಂಥದೇ ದಾರಿ ಹಿಡಿದಾಗ, ಕುತ್ತಿಗೆ ನೋವಿನ ಕ್ಲೇಮುಗಳ ಸಂಖ್ಯೆ ಇಳಿಯಿತು, ಅವು ಮುಗಿಯುವ ಸಮಯ ಅರ್ಧಕ್ಕಿಂತ ಕಡಿಮೆಯಾಯಿತು. ಇದನ್ನು ಡೇವಿಡ್ ಕ್ಯಾಸಿಡಿಯವರ ತಂಡ 2000ದಲ್ಲಿ ಪ್ರಕಟಿಸಿತು. ವ್ಯಾಜ್ಯದ ಎಳೆದಾಟ ಚೇತರಿಕೆಗೆ ಅಡ್ಡಿ ಎಂಬುದಕ್ಕೆ ಅದು ಬಲವಾದ ಆಧಾರ. ಆದರೆ ಮಿಷಿಗನ್ ಸೇರಿದಂತೆ ನಾಲ್ಕು ರಾಜ್ಯಗಳ ತುರ್ತು ವಿಭಾಗಗಳಿಗೆ ಬಂದವರನ್ನು ಸ್ಯಾಮ್ಯುಯೆಲ್ ಮೆಕ್ಲೀನ್ ಮತ್ತು ಸಂಗಡಿಗರು ಹಿಂಬಾಲಿಸಿದಾಗ, ದಾವೆಯ ಗೋಜಿಗೇ ಹೋಗದವರಲ್ಲೂ ಉಳಿದುಕೊಂಡ ನೋವು ಸಾಮಾನ್ಯವೆಂದು ತಿಳಿಯಿತು. ನೋವು ನಿಜ, ಅದು ಬೇಗ ಕರಗುವುದೋ ಬೇರೂರುವುದೋ ಎಂಬುದರಲ್ಲಿ ಆರಂಭದ ನೋವಿನ ತೀವ್ರತೆ, ಅಪಘಾತದ ಹೊತ್ತಿನ ಭಯ, ನಿದ್ದೆ, ಖಿನ್ನತೆ, ತಾನು ವಾಸಿಯಾಗುತ್ತೇನೆಂಬ ನಂಬಿಕೆ ಇವಕ್ಕೆಲ್ಲ ಪಾತ್ರವಿದೆ. ಅಪಘಾತದ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುವವರು, ಕಾರು ಹತ್ತಲು ಹೆದರುವವರು ಮೂಳೆ ಕೂಡಿದ ಮೇಲೂ ಮನೆಯಲ್ಲೇ ಉಳಿಯುತ್ತಾರೆ. ಅಂಥವರನ್ನು ಮೊದಲ ವಾರಗಳಲ್ಲೇ ಗುರುತಿಸಿ ಮಾತಾಡಿಸುವುದು ಈಗ ಒಳ್ಳೆಯ ಟ್ರಾಮಾ ಕೇಂದ್ರಗಳ ಕೆಲಸದ ಭಾಗ.

ಮನೆಯಿಂದ ಹೊರಗೆ

ವೀಲ್‌ಚೇರ್ ಏರಿದವರು ಊರಿನಲ್ಲಿ ಓಡಾಡಲು ಬಸ್ಸು ಹತ್ತಲೇಬೇಕು. 1980ರಲ್ಲಿ ಶಿಕಾಗೋ ಪುನಶ್ಚೇತನ ಸಂಸ್ಥೆಯ ನೆರವಿನಿಂದ ಹುಟ್ಟಿದ ಆಕ್ಸೆಸ್ ಲಿವಿಂಗ್ ಸಂಸ್ಥೆಯನ್ನು, ಕುತ್ತಿಗೆ ಮುರಿದು ವೀಲ್‌ಚೇರ್ ಬಳಸುತ್ತಿದ್ದ ಮಾರ್ಕಾ ಬ್ರಿಸ್ಟೊ ಮುನ್ನಡೆಸಿದರು. ನಗರದ ಬಸ್ಸುಗಳಿಗೆ ಲಿಫ್ಟ್ ಬೇಕೆಂದು ಅಂಗವಿಕಲರು ಆ ದಶಕದಲ್ಲಿ ಬೀದಿಗಿಳಿದರು. 1990ರಲ್ಲಿ ಅಂಗವಿಕಲರ ಹಕ್ಕಿನ ರಾಷ್ಟ್ರೀಯ ಕಾಯಿದೆ ಬಂತು. ಕಾಯಿದೆ ಬಂದ ಮಾತ್ರಕ್ಕೆ ಲಿಫ್ಟು ಕೆಲಸ ಮಾಡುವುದಿಲ್ಲ. ಡೆಟ್ರಾಯಿಟ್‌ನಲ್ಲಿ ಬಸ್ಸಿನ ಲಿಫ್ಟುಗಳು ಕೆಟ್ಟು ಚಳಿಯಲ್ಲಿ ಕಾದು ನಿಂತವರು 2004ರಲ್ಲಿ ನಗರದ ಮೇಲೆ ದಾವೆ ಹೂಡಿದರು. ಒಕ್ಕೂಟ ಸರ್ಕಾರದ ನ್ಯಾಯ ಇಲಾಖೆಯೂ ಅವರ ಪರ ನಿಂತಿತು, 2005ರಲ್ಲಿ ನಗರ ರಿಪೇರಿಗೆ ಒಪ್ಪಬೇಕಾಯಿತು. ಕೆಲಸಕ್ಕೆ ಮರಳುವುದು ಚೇತರಿಕೆಯ ದೊಡ್ಡ ಗುರುತು. ಕೆಲಸಕ್ಕೆ ಹೋಗುವ ದಾರಿಯೇ ಇಲ್ಲದಿದ್ದರೆ ವೈದ್ಯರ ಶ್ರಮವೆಲ್ಲ ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಕರ್ನಾಟಕದ ಕಡೆಗೆ

ಇದೇ ಅಂಶಗಳು ಕರ್ನಾಟಕದಲ್ಲೂ ಒಂದೊಂದಾಗಿ ರೂಪು ಪಡೆಯುತ್ತಿವೆ. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ತಲೆಗೆ ಪೆಟ್ಟಾದವರ ಚಿಕಿತ್ಸೆ, ಪುನಶ್ಚೇತನ ಮತ್ತು ಅಂಕಿಅಂಶಗಳ ಕೆಲಸ ಮಾಡುತ್ತಿದೆ. 2008ರ ನವೆಂಬರ್ 1ರಂದು 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಆರಂಭವಾಯಿತು. 2016ರಲ್ಲಿ ಬಂದ ಹರೀಶ್ ಸಾಂತ್ವನ ಯೋಜನೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತವಾಗಿಸಿತು. ನೆರವಿಗೆ ಬರುವ ದಾರಿಹೋಕರಿಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ ಕಾನೂನಿನ ರಕ್ಷಣೆ ಕೊಟ್ಟಿತು. 2025ರ ಕೇಂದ್ರ ಯೋಜನೆ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುತ್ತದೆ. ಇವೆಲ್ಲ ಮೊದಲ ಗಂಟೆ, ಮೊದಲ ವಾರದ ಏರ್ಪಾಡುಗಳು. ಎಂಟನೆಯ ದಿನದಿಂದ ಮುಂದಿನ ಭಾರ ಬಹುಮಟ್ಟಿಗೆ ಕುಟುಂಬದ ಹೆಗಲ ಮೇಲೇ ಇದೆ. ಪರಿಹಾರ ನ್ಯಾಯಮಂಡಳಿಯ ತೀರ್ಪು ಬರುವ ಹೊತ್ತಿಗೆ ಫಿಸಿಯೋಥೆರಪಿಯ ಮುಖ್ಯ ತಿಂಗಳುಗಳು ಕಳೆದುಹೋಗಿರುತ್ತವೆ.

ಶಿಕಾಗೋ ಮತ್ತು ಡೆಟ್ರಾಯಿಟ್‌ಗಳ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಣುವುದು ಇಷ್ಟು. ಸುರಕ್ಷಿತ ವಾಹನ, ಹತ್ತಿರದ ಟ್ರಾಮಾ ಕೇಂದ್ರ, ತಡವಿಲ್ಲದ ಪುನಶ್ಚೇತನ, ವ್ಯಾಜ್ಯಕ್ಕೆ ಕಾಯದ ಹಣ, ಮನಸ್ಸಿನ ಆರೈಕೆ, ಹೊರಹೋಗಲು ಸಾರಿಗೆ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಉಳಿದವುಗಳ ಫಲ ಕುಂದುತ್ತದೆ. ಶಿಕಾಗೋ ಮೊದಲ ಗಂಟೆಯನ್ನು ಗೆದ್ದು ಹಣದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಟ್ಟಿತು. ಮಿಷಿಗನ್ ಉಳಿದ ವರ್ಷಗಳನ್ನು ಗೆದ್ದು, ಅದರ ಬೆಲೆಯನ್ನು ಎಲ್ಲರೂ ತೆರಬಲ್ಲಂತೆ ಹಂಚಲಾರದೆ ಹೋಯಿತು. ಎರಡನ್ನೂ ಒಂದೇ ಕಡೆ ಕೂಡಿಸುವ ಕೆಲಸ ಎರಡೂ ರಾಜ್ಯಗಳಲ್ಲಿ ಇನ್ನೂ ಬಾಕಿಯಿದೆ.